ಇಳಿಜಾರು ಬೇಡದ ಟ್ರ್ಯಾಕ್ಟರು

ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಇಳಿಜಾರನ್ನು. ಚಿಂತಾಮಣಿಯ ಟೊಮೆಟೊ ಮಂಡಿಯ ಮುಂದಾಗಲಿ, ಚಿಕ್ಕಬಳ್ಳಾಪುರದ ಯಾವುದೋ ಕಲ್ಯಾಣಮಂಟಪದ ಮುಂದಾಗಲಿ, ನೆರಳು ಬಿಟ್ಟು, ಸಾಲು ಬಿಟ್ಟು, ನೆಲ ಎಲ್ಲಿ ಒಂದಿಷ್ಟು ಜಾರುತ್ತದೋ ಅಲ್ಲಿಗೆ ಹೋಗಿ ಸ್ಕೂಟರಿನ ಮೂತಿಯನ್ನು ಕೆಳಮುಖ ಮಾಡಿ ನಿಲ್ಲಿಸುತ್ತೇನೆ. ಸ್ಕೂಟರು ಹೊಸದು. ಬಟನ್ ಮುಟ್ಟಿದರೆ ಹೊರಡುತ್ತದೆ. ಆದರೂ ಮಟ್ಟಸ ನೆಲದಲ್ಲಿ ಗಾಡಿ ಬಿಟ್ಟು ಊಟಕ್ಕೆ ಕೂತರೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

"ನೆರಳು ಬಿಟ್ಟು ಚರಂಡಿ ಕಡೆಗೆ ಮುಖ ಮಾಡಿ ನಿಲ್ಲಿಸ್ತೀರಲ್ಲ, ನಿಮ್ಮನ್ನ ಯಾರು ತಳ್ಳಬೇಕು?" ಎಂದು ನನ್ನ ಹೆಂಡತಿ ಮಂಜುಳ ಕೇಳುತ್ತಾಳೆ. ಅವಳ ತವರು ಗೌರಿಬಿದನೂರಿನ ಕಡೆ. ಅವರ ಮನೆಯ ಗಾಡಿಗಳಿಗೆ ಬ್ಯಾಟರಿ ಇತ್ತು.

ನಮ್ಮ ಟ್ರ್ಯಾಕ್ಟರಿಗೂ ಬ್ಯಾಟರಿ ಇತ್ತು ಅನ್ನಿ. ಜಂಗಮಕೋಟೆಯ ಹತ್ತಿರದ ನಮ್ಮೂರಿಗೆ ಅಪ್ಪ ಅದನ್ನು ತಂದ ಹೊಸದರಲ್ಲಿ ಕೀಲಿ ತಿರುಗಿಸಿದರೆ ಹೊರಡುತ್ತಿತ್ತಂತೆ. ಆಮೇಲೆ ಒಂದು ದಿನ ಸೆಲ್ಫ್ ಸ್ಟಾರ್ಟರು ಕೆಟ್ಟಿತು. ಅಪ್ಪ ರಿಪೇರಿ ಮಾಡಿಸುವ ಬದಲು ಇಳಿಜಾರಿನಲ್ಲಿ ನಿಲ್ಲಿಸಿದ, ಬೆಳಿಗ್ಗೆ ಬ್ರೇಕು ಬಿಟ್ಟ, ಗಾಡಿ ಉರುಳುವಾಗ ಕ್ಲಚ್ಚು ಬಿಟ್ಟ, ಇಂಜಿನ್ನು ಕೆಮ್ಮಿ ಎದ್ದಿತು. ಬಿಟ್ಟಿಯಾಗಿ ಸಿಗುವ ಇಳಿಜಾರಿನ ರುಚಿ ಹತ್ತಿದ ಮೇಲೆ ಮನುಷ್ಯ ಮೆಕ್ಯಾನಿಕ್ಕಿನ ಬಾಗಿಲಿಗೆ ಹೋಗುವುದಿಲ್ಲ. ಮನೆಯ ಮುಂದೆ ಇಳಿಜಾರಿರಲಿಲ್ಲವಾದ್ದರಿಂದ ಅಪ್ಪ ಕೆರೆಯ ಮಣ್ಣು ತಂದು ಒಂದು ದಿಬ್ಬವನ್ನೇ ಕಟ್ಟಿದ. ಮೊದಲ ಮಳೆಗೆ ದಿಬ್ಬದ ನೀರೆಲ್ಲ ಅಡುಗೆಮನೆಗೆ ನುಗ್ಗಿತು. ಅಮ್ಮ ಮೊರದಲ್ಲಿ ನೀರು ಎರಚುತ್ತ, "ಟ್ರ್ಯಾಕ್ಟರ್‌ಗೆ ಗದ್ದುಗೆ ಕಟ್ಟವ್ರೆ, ನಮಗೆ ಕೆರೆ ಕಟ್ಟವ್ರೆ" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದಳು.

ಇಷ್ಟು ಬರೆದು ನಿಲ್ಲಿಸಿ ಹೋದ ಭಾನುವಾರ ಊರಿಗೆ ಹೋಗಿ ದಿಬ್ಬವನ್ನು ನೋಡಿಬಂದೆ. ನನ್ನ ನೆನಪಿನಲ್ಲಿ ಅದು ಆಳೆತ್ತರ. ನೆಲದ ಮೇಲೆ ಮೊಣಕಾಲಿನಷ್ಟು. ದಿಬ್ಬ ಸವೆಯಿತೋ ನೆನಪು ಊದಿಕೊಂಡಿತೋ ಗೊತ್ತಾಗಲಿಲ್ಲ. ಎರಡೂ ಆಗಿರಬಹುದು. ನೆನಪನ್ನು ಒಪ್ಪವಾಗಿ ಜೋಡಿಸಿಟ್ಟವರ ಬರಹ ಓದುವಾಗ ನನಗೆ ಅನುಮಾನ ಬರುತ್ತದೆ. ಇವರ ಮನೆಯಲ್ಲಿ ತಿದ್ದಲು ತಮ್ಮಂದಿರು ಇಲ್ಲವೇನೋ ಅನ್ನಿಸುತ್ತದೆ. ನನಗೆ ನಾಗ ಇದ್ದಾನೆ. ಊರಲ್ಲೇ ಇದ್ದು ಹೊಲ, ಹಿಪ್ಪುನೇರಳೆ, ರೇಷ್ಮೆಹುಳು ನೋಡಿಕೊಳ್ಳುವ ತಮ್ಮ. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ಭಾನುವಾರಗಳಲ್ಲಿ ಮಾತ್ರ ರೈತನಾಗುವವನು.

ಉದಾಹರಣೆಗೆ, ವಿದುರಾಶ್ವತ್ಥಕ್ಕೆ ಹರಕೆ ತೀರಿಸಲು ಹೋದದ್ದು. ಟ್ರೇಲರಿನ ತುಂಬ ನೆಂಟರು, ನಡುವೆ ಹುಲ್ಲಿನ ಮೇಲೆ ಮಲಗಿಸಿದ ಒಂದು ನಾಗರಕಲ್ಲು. ದೇವಸ್ಥಾನದ ಹತ್ತಿರ ಎಲ್ಲಿಯೂ ಇಳಿಜಾರು ಸಿಗದೆ ಅಪ್ಪ ಇಂಜಿನ್ನನ್ನು ಆರಿಸಲೇ ಇಲ್ಲ. ನಾವೆಲ್ಲ ಆ ಸಾಲುಸಾಲು ಹಾವಿನ ಕಲ್ಲುಗಳ ನಡುವೆ ಪ್ರದಕ್ಷಿಣೆ ಹಾಕಿ, ಪ್ರತಿಷ್ಠೆ ಮುಗಿಸಿ, ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುವವರೆಗೂ ಅವನು ಸೀಟಿನ ಮೇಲೆ ಕೂತೇ ಇದ್ದ. ದೇವರಿಗೆ ಅಲ್ಲಿಂದಲೇ, ಒಂದು ಕಾಲು ಬ್ರೇಕಿನ ಮೇಲಿಟ್ಟು, ಕೈ ಮುಗಿದ.

ಇದನ್ನು ನಾಗನಿಗೆ ಓದಿ ಹೇಳಿದೆ. "ಅದು ಅಪ್ಪ ಅಲ್ಲ ಕಣಣ್ಣ, ನಮ್ಮ ಸೋದರಮಾವ. ಅಪ್ಪ ನಾಗರಕಲ್ಲು ಹಿಡ್ಕೊಂಡಿರ್ಲಿಲ್ವಾ?" ಎಂದ. ಇರಬಹುದು. ಆದರೆ ನನ್ನೊಳಗೆ ಸೀಟಿನ ಮೇಲೆ ಕೂತು ಕೈ ಮುಗಿಯುತ್ತಿರುವವನು ಅಪ್ಪನೇ. ಅವನನ್ನು ಇಳಿಸಿ ಸೋದರಮಾವನನ್ನು ಕೂರಿಸಲು ನನ್ನಿಂದ ಆಗುತ್ತಿಲ್ಲ.

ಅಪ್ಪ ಹೋದ ಮೇಲೂ ಟ್ರ್ಯಾಕ್ಟರು ದಿಬ್ಬದ ಮೇಲಿಂದಲೇ ಉರುಳಿ ಎದ್ದು, ಉಳುಮೆ ಮಾಡಿ, ಊರಿನ ನೀರಿನ ಟ್ಯಾಂಕರನ್ನೂ ಗಣೇಶನನ್ನೂ ಎಳೆದು, ಸಂಜೆ ಮತ್ತೆ ದಿಬ್ಬ ಹತ್ತುತ್ತಿತ್ತು. ಹೀಗೇ ನಡೆಯುತ್ತಿತ್ತೇನೋ. ಹೋದ ವರ್ಷ ಅಮ್ಮ ಬೋರೆ ಹೊಲದ ಮಾತು ಎತ್ತಿದಳು.

ಬೋರೆ ಹೊಲ ಅಂದರೆ ಊರಿನ ಮೇಲುಗಡೆ, ಕೆಂಪು ಮಣ್ಣಿನ ಎತ್ತರದ ಹೊಲ. ಅಮ್ಮ ಮದುವೆಯಾಗಿ ಬಂದಾಗ ಅಲ್ಲಿ ರಾಗಿ ಬೆಳೆಯುತ್ತಿತ್ತು, ರಾಗಿಯ ನಡುವೆ ಅವರೆ ಸಾಲು. ಆಮೇಲೆ ಊರಿಗೆ ಊರೇ ನೀಲಗಿರಿ ನೆಟ್ಟಾಗ ನಮ್ಮದೂ ನೀಲಗಿರಿ ತೋಪಾಯಿತು. ನೆಟ್ಟರೆ ಸಾಕು, ನೀರು ಬೇಡ, ಆಳು ಬೇಡ, ಕಡಿದರೆ ತಾನೇ ಚಿಗುರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ತಾನೇ ಚಿಗುರಿತು. ಕಡಿದಷ್ಟೂ ಚಿಗುರಿತು. ಕೆಳಗಿನ ಬಾವಿಗಳು ಬತ್ತಿದವು. ಈಗ ನೀಲಗಿರಿ ಬೇಡವೆಂದು ಸರ್ಕಾರವೂ ಹೇಳುತ್ತಿದೆ, ಊರೂ ಹೇಳುತ್ತಿದೆ. ಮರಗಳನ್ನು ಕಡಿಸಿಯಾಯಿತು. ಉಳಿದದ್ದು ಬೊಡ್ಡೆಗಳು. ಇಡೀ ಹೊಲದಲ್ಲಿ ಮಂಡಿಯೂರಿ ಕೂತ ಹಾಗೆ ಬೊಡ್ಡೆಗಳು. ಒಂದು ಮಳೆ ಬಿದ್ದರೆ ಪ್ರತಿಯೊಂದರ ತಲೆಯಲ್ಲೂ ಕೆಂಪು ಚಿಗುರಿನ ಜುಟ್ಟು.

"ಈ ಮುಂಗಾರಿಗೆ ಬೋರೆ ಹೊಲದಲ್ಲಿ ರಾಗಿ ಚೆಲ್ಲಬೇಕು" ಎಂದಳು ಅಮ್ಮ. ಆಧಾರ್ ಕಾರ್ಡಿನ ಪ್ರಕಾರ ಅಮ್ಮನಿಗೆ ಎಪ್ಪತ್ತು ದಾಟಿದೆ. ಅಮ್ಮ ಆಧಾರ್ ಕಾರ್ಡನ್ನು ಒಪ್ಪುವುದಿಲ್ಲ.

"ಮಳೆ ಮುಗಿದ ಮೇಲೆ ನಿಧಾನಕ್ಕೆ ಕೀಳಿಸಣ ಬಿಡಮ್ಮ" ಎಂದೆ ನಾನು.

"ಮಳೆ ಬಂದ್ರೆ ಅದು ಚಿಗುರ್ತದೆ ಕಣೋ ಸೀನ. ಚಿಗುರಿದ್ರೆ ಇನ್ನೊಂದು ವರ್ಷ ಅದರದೇ. ನಂಗೆ ವರ್ಷ ಎಷ್ಟಿದಾವೆ ಅಂತ ಯಾರಿಗ್ ಗೊತ್ತು? ಬೊಡ್ಡೆಗಂತೂ ಬೇಕಾದಷ್ಟಿದಾವೆ."

ಜೆಸಿಬಿ ಕರೆಸೋಣ ಎಂದ ನಾಗ. ಅಮ್ಮ ಅವನನ್ನು ಕರೆದುಕೊಂಡು ಹೋಗಿ, ಜೆಸಿಬಿಯಲ್ಲಿ ಬೊಡ್ಡೆ ತೆಗೆಸಿದ ಪಕ್ಕದೂರಿನವರ ಹೊಲವನ್ನು ತೋರಿಸಿದಳಂತೆ. ಆಳಕ್ಕೆ ಬಗೆದು, ಮೇಲಿನ ಕೆಂಪು ಮಣ್ಣು ಕೆಳಗೆ ಹೋಗಿ, ಕೆಳಗಿನ ಬಿಳಿ ಸುದ್ದೆ ಮಣ್ಣು ಮೇಲೆ ಬಂದು, ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟಿರಲಿಲ್ಲ. "ಮಣ್ಣು ಮಗುಚಬಾರದು. ಸುತ್ತ ಬೇರು ಕಡಿದು, ಚೈನು ಹಾಕಿ, ಹಲ್ಲು ಕಿತ್ತಂಗೆ ಕೀಳಬೇಕು" ಎಂಬುದು ಅಮ್ಮನ ತೀರ್ಮಾನ.

ಹಳೆಯ ಟ್ರ್ಯಾಕ್ಟರಿಗೆ ಚೈನು ಹಾಕಿ ನೋಡಿದೆವು. ಅದು ಮೂವತ್ತೈದು ಎಚ್‌ಪಿಯದು, ಅದೂ ಹುಟ್ಟಿದಾಗಿನ ಲೆಕ್ಕ. ಚೈನು ಬಿಗಿಯಾಯಿತು, ಹೊಗೆ ಬಂತು, ಚಕ್ರ ಕೂತಲ್ಲೇ ತಿರುಗಿ ಗುಂಡಿ ತೋಡಿತು, ಇಂಜಿನ್ನು ಆರಿತು. ಬೊಡ್ಡೆ ಮಿಸುಕಲಿಲ್ಲ. ಬೋರೆ ಹೊಲ ಎತ್ತರದಲ್ಲಿದ್ದರೂ ಮೇಲುಗಡೆ ಮಟ್ಟಸ. ಆರಿದ ಟ್ರ್ಯಾಕ್ಟರನ್ನು ಊರಿನ ಕಡೆಯ ಇಳಿಜಾರಿನವರೆಗೆ ನಾವೇ ತಳ್ಳಿದೆವು. ಪಕ್ಕದ ಹೊಲದ ಮುನಿಶಾಮಪ್ಪನೂ ಬಂದು ಹೆಗಲು ಕೊಟ್ಟ. ಅಮ್ಮನಿಗಿಂತ ಸ್ವಲ್ಪ ಚಿಕ್ಕವನು, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವವನು, ಅಮ್ಮನನ್ನು ಕೆಣಕುವುದನ್ನೇ ವ್ಯವಸಾಯ ಮಾಡಿಕೊಂಡವನು.

"ಅಕ್ಕಯ್ಯಾ, ಈ ಮುದುಕನ್ನ ಯಾಕೆ ಸಾಯಿಸ್ತೀಯ? ನೀಲಗಿರಿ ಸಸಿ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಬಂದೋಳು ನೀನೇ ಅಲ್ವಾ? ನಾನು ನೋಡಿಲ್ವಾ?" ಎಂದ.

ನಾನು ಬೆಚ್ಚಿದೆ. ನನಗೆ ನೆನಪಿರುವ ಕಥೆಯಲ್ಲಿ ಸಸಿ ತಂದವನು ಅಪ್ಪ. ಬೇಡ ಬೇಡ ಎಂದು ಜಗಳ ಆಡಿ, ಒಂದು ಹೊತ್ತು ಊಟ ಬಿಟ್ಟವಳು ಅಮ್ಮ. ಈ ಕಥೆಯನ್ನು ಮಕ್ಕಳಿಗೆ ಪಾಠದ ನಡುವೆ ಎಷ್ಟು ಸಲ ಹೇಳಿದ್ದೇನೋ. ಅಮ್ಮ ಈಗ ಮುನಿಶಾಮಪ್ಪನ ಮೇಲೆ ಹರಿಹಾಯುತ್ತಾಳೆ ಎಂದು ಕಾದೆ.

"ಹೊತ್ತೆ" ಎಂದಳು ಅಮ್ಮ. "ನಾನೇ ಹೊತ್ತೆ, ನಾನೇ ನೆಟ್ಟೆ. ಅದಕ್ಕೇ ನಾನೇ ಕೀಳ್ತೀನಿ."

ಆಮೇಲೆ ನಾಗನ ಕಡೆ ತಿರುಗಿ, "ಇದನ್ನ ಕೊಟ್ಟು ದೊಡ್ಡದು ತಗೊಳ್ಳಣ" ಎಂದಳು. ಬಿಂದಿಗೆ ಸೋರುತ್ತದೆ, ಕೊಟ್ಟು ಬೇರೆ ತರೋಣ ಅನ್ನುವ ಧಾಟಿಯಲ್ಲಿ.

ಹೀಗೆ ನಾವು ಒಂದು ಬೆಳಿಗ್ಗೆ ಚಿಂತಾಮಣಿಯ ಟ್ರ್ಯಾಕ್ಟರು ಅಂಗಡಿಗೆ ಹೋದೆವು. ಹಳೆಯದನ್ನು ನಾಗ ಓಡಿಸಿಕೊಂಡು ಬಂದ, ಮಡ್‌ಗಾರ್ಡಿನ ಮೇಲೆ ಅಮ್ಮ, ಹಿಂದೆ ಸ್ಕೂಟರಿನಲ್ಲಿ ನಾನು. ಅಂಗಡಿಯ ಅಂಗಳ ಕೇರಂ ಬೋರ್ಡಿನಷ್ಟು ಮಟ್ಟಸವಾಗಿತ್ತು. ನಾಗ ಇಂಜಿನ್ ಆರಿಸದೆ, ನ್ಯೂಟ್ರಲ್‌ನಲ್ಲಿಟ್ಟು, ಏನೂ ಆಗದವನ ಹಾಗೆ ಮುಖ ಮಾಡಿಕೊಂಡು ಕೂತ. ಹಳೆಯ ಗಾಡಿಗಳನ್ನು ನೋಡಿ ಬೆಲೆ ಹೇಳುವವನು ಬಂದ. ಟೈರು ಒದ್ದ, ಬಾನೆಟ್ಟು ಎತ್ತಿದ, ಎಣ್ಣೆ ಮೂಸಿದ.

"ಒಂದ್ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿ ತೋರಿಸಿ."

"ಓಡ್ತಿರೋದನ್ನ ಯಾಕಪ್ಪ ನಿಲ್ಲಿಸ್ಬೇಕು?" ಎಂದಳು ಅಮ್ಮ.

"ಸ್ಟಾರ್ಟ್ ಆಗುತ್ತಾ ಅಂತ ನೋಡ್ಬೇಕಲ್ಲಮ್ಮ."

"ಊರಿಂದ ಇಲ್ಲಿಗೆ ಸ್ಟಾರ್ಟ್ ಆಗದೇ ಬಂತಾ?"

ಅವನು ನಕ್ಕ. ನಕ್ಕು, ತಾನೇ ಕೈ ಚಾಚಿ ಇಂಜಿನ್ ಆರಿಸಿದ. ಕೀಲಿ ತಿರುಗಿಸಿದರೆ ಒಳಗಿನಿಂದ ಟಕ್ ಎಂದು ಹಲ್ಲಿ ಲೊಚಗುಟ್ಟಿದ ಸದ್ದು, ಅಷ್ಟೇ. ನಾನು ಮೋಡ ನೋಡಿದೆ. ನಾಗ ಸ್ಟೇರಿಂಗ್ ಒರೆಸಿದ. ಅಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ರೋಡಿಗೆ ತಿರುಗಿಸ್ಕೊಳ್ಳೋ. ಪೆಟ್ರೋಲ್ ಬಂಕಿನ ಕಡೆಗೆ ಇಳಿಜಾರಿದೆ, ಬರ್ತಾ ನೋಡ್ಕೊಂಡು ಬಂದೆ. ಏನಪ್ಪ, ನೀನೂ ಒಂದು ಕೈ ಹಾಕು" ಎಂದಳು.

ಬೆಲೆ ಹೇಳಬೇಕಾದವನು, ಹೊಸ ಟ್ರ್ಯಾಕ್ಟರು ನೋಡಲು ಬಂದಿದ್ದ ಇಬ್ಬರು ಗಿರಾಕಿಗಳು, ನಾನು, ಎಲ್ಲರೂ ತಳ್ಳಿದೆವು. ಅದು ಪೆಟ್ರೋಲ್ ಬಂಕಿನ ಕಡೆಗೆ ಉರುಳಿತು, ಕೆಮ್ಮಿತು, ಗಿರಾಕಿಗಳ ಬಿಳಿ ಅಂಗಿಯ ಮೇಲೆ ಕಪ್ಪು ಹೊಗೆ ಉಗುಳಿ ಎದ್ದಿತು. "ಸರಿ ಬಿಡಮ್ಮ, ತಗೊಳ್ತೀವಿ" ಎಂದ ಅವನು, ಕೈ ಒರೆಸಿಕೊಳ್ಳುತ್ತ. "ಐವತ್ತು ಎಚ್‌ಪಿ ಯಾಕೆ ನಿಮಗೆ? ಉಳೋಕೆ ದೊಡ್ಡ ರೋಟವೇಟರ್ ಹಾಕ್ತೀರಾ?"

"ಬೊಡ್ಡೆ ಕೀಳ್ತೀವಿ."

"ಟ್ರ್ಯಾಕ್ಟರ್ ಇರೋದು ಉಳೋಕಮ್ಮ."

"ಬೊಡ್ಡೆ ಕಿತ್ತ ಮೇಲೆ ಉಳ್ತೀವಪ್ಪ. ಅಲ್ಲೀ ತನಕ ಏನನ್ನ ಉಳಣ?"

ಇಲ್ಲಿ ನಾನು ಹಳೆಯ ಟ್ರ್ಯಾಕ್ಟರನ್ನು ಬಿಟ್ಟು ಬರುವಾಗ ಎಲ್ಲರ ಕಣ್ಣು ಒದ್ದೆಯಾಯಿತು ಎಂದು ಬರೆಯಬೇಕು. ಬರೆದೆ, ಹೊಡೆದು ಹಾಕಿದೆ. ಯಾರೂ ಅಳಲಿಲ್ಲ. ಅಮ್ಮ ಸೀಟಿನ ಮೇಲೆ ಹಾಸಿದ್ದ ಗೋಣಿಚೀಲವನ್ನು ಒದರಿ, ಮಡಚಿ, "ಇದು ಚೆನ್ನಾಗಿದೆ" ಎಂದು ಕಂಕುಳಲ್ಲಿಟ್ಟುಕೊಂಡಳು. ನಾಗ ಹೊಸದರ ಕೀಲಿಯನ್ನು ತಿರುಗಿಸಿದ, ಆರಿಸಿದ, ಮತ್ತೆ ತಿರುಗಿಸಿದ. ಮಟ್ಟಸ ನೆಲದ ಮೇಲೆ! ಅವನ ಮುಖ ನೋಡಬೇಕಿತ್ತು. ನನಗೆ ಒಂದು ಅರೆಕ್ಷಣ, ಅಪ್ಪ ಇದನ್ನು ನೋಡಿದ್ದರೆ ಸೋಮಾರಿಗಳ ಗಾಡಿ ಅನ್ನುತ್ತಿದ್ದನೇನೋ ಅನ್ನಿಸಿತು. ಇದೂ ನಾನು ಅಪ್ಪನ ಬಾಯಿಗೆ ಹಾಕಿದ ಮಾತು. ಅವನು ಏನೂ ಅನ್ನದೆ ಹತ್ತಿ ಕೂತುಬಿಡುತ್ತಿದ್ದನೋ ಏನೋ.

ಐವತ್ತು ಎಚ್‌ಪಿ ಮನೆಗೆ ಬಂತು. ನಾಲ್ಕು ಚಕ್ರವೂ ಎಳೆಯುವಂಥದ್ದು. ಮುಂದೆ ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಕುಂಕುಮ. ಮರುದಿನ ಭಾನುವಾರ. ಬೆಳಗಿನ ತಿಂಡಿ ಮುಗಿಸಿ ಬೋರೆ ಹೊಲಕ್ಕೆ ಹೊರಟೆವು. ಹಿಪ್ಪುನೇರಳೆ ತೋಟದ ಅಂಚಿಗೆ ಬಂದು ನಿಂತುಬಿಟ್ಟೆವು.

ಬೋರೆ ಹೊಲಕ್ಕೆ ಇರುವುದು ಒಂದೇ ದಾರಿ. ಒಂದು ಪಕ್ಕ ಮುನಿಶಾಮಪ್ಪನ ಕಲ್ಲುಕಂಬದ ಬೇಲಿ, ಇನ್ನೊಂದು ಪಕ್ಕ ನಮ್ಮ ಹಿಪ್ಪುನೇರಳೆ. ತೋಟ ನೆಡುವಾಗ ಅಪ್ಪ ಅಳತೆ ಪಟ್ಟಿ ತರಲಿಲ್ಲ. ಬೇಲಿಯ ಪಕ್ಕಕ್ಕೆ ಟ್ರ್ಯಾಕ್ಟರು ಓಡಿಸಿದ, ಚಕ್ರದ ಗುರುತಿನಿಂದ ಒಂದು ಗೇಣು ಬಿಟ್ಟು ಕಡ್ಡಿ ನೆಟ್ಟುಕೊಂಡು ಹೋದ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು. ಗಾಡಿಯೇ ಅಳತೆಗೋಲು. ಅಂಗಡಿಯಲ್ಲಿ ನಾವು ಎಚ್‌ಪಿ ಕೇಳಿದೆವು, ಗೇರು ಕೇಳಿದೆವು, ಡೀಸೆಲ್ಲು ಎಷ್ಟು ಕುಡಿಯುತ್ತದೆ ಎಂದು ಕೇಳಿದೆವು. ಅಗಲ ಎಷ್ಟು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನು ಮಕ್ಕಳಿಗೆ ಹೇಳುವುದು ಗಣಿತ.

ಬೇಲಿಯಾಚೆ ಕಡ್ಡಿ ಕಚ್ಚಿಕೊಂಡು ಕೂತಿದ್ದ ಮುನಿಶಾಮಪ್ಪ ಕಣ್ಣಳತೆಯಲ್ಲೇ ತೀರ್ಪು ಕೊಟ್ಟ. "ಪಟ್ಟದು ಅಕ್ಕಯ್ಯಾ, ಪಟ್ಟದು. ಹಿಡಿಸಲ್ಲ. ನಿನ್ನ ಗಾಡಿ ದಪ್ಪ ಆಯ್ತು."

"ನಿನ್ನ ಕಂಬ ಒಂದಿಷ್ಟು ಆ ಕಡೆ ಸರಿಸು."

"ನನ್ನ ಕಂಬ ನಮ್ಮ ತಾತನ ಕಾಲದ್ದು. ನಿನ್ನ ಸೊಪ್ಪು ಸರಿಸು."

ಅವನದೂ ತಪ್ಪಲ್ಲ. ಆದರೆ ಆ ಸೊಪ್ಪು ಸರಿಸುವುದು ಅಷ್ಟು ಸಲೀಸಲ್ಲ. ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಹಾಗೆ ಎದ್ದ ಹುಳು ಗೂಡು ಕಟ್ಟುವ ತನಕ ತಿನ್ನುವುದೊಂದೇ ಕೆಲಸ. ಹುಳುಮನೆಯೊಳಗೆ ನಿಂತರೆ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ತಿನ್ನುವ ಸದ್ದು. ಈಗ ಒಂದು ಸಾಲು ಹೋದರೆ ಸೊಪ್ಪು ಸಾಕಾಗದೆ ಹೋಗಬಹುದು.

"ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ನೋಡಣಮ್ಮ" ಎಂದ ನಾಗ.

ಅಮ್ಮ ಮೇಲೆ ನೋಡಿದಳು. ನಂದಿಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಹಾರ ಹಾಕಿಕೊಂಡು ದಾರಿಗೆ ಅಡ್ಡ ನಿಂತ ಟ್ರ್ಯಾಕ್ಟರನ್ನು ನೋಡಿದಳು. ಮನೆಗೆ ಹೋದಳು. ಸೋತಳು ಅಂದುಕೊಂಡೆ. ಸ್ವಲ್ಪ ನಿರಾಳವೂ ಆಯಿತು, ಮಧ್ಯಾಹ್ನದ ನಿದ್ದೆ ಉಳಿಯಿತಲ್ಲ ಎಂದು. ಅಮ್ಮ ಕುಡುಗೋಲುಗಳನ್ನು ಸೆರಗಲ್ಲಿ ಸುತ್ತಿಕೊಂಡು ಬಂದಳು. ಹಿಂದೆ ಮಂಜುಳ, ಅವಳ ಹಿಂದೆ ನಾಗನ ಹೆಂಡತಿ.

"ಮೊದಲು ಸೊಪ್ಪು ಕುಯ್ಯಿರಿ. ಇವತ್ತು ನಾಳೆ ಹುಳಕ್ಕೆ ಇದೇ ಆಗ್ಲಿ. ಆಮೇಲೆ ಕಡಿಮೆ ಬಿದ್ರೆ ತಂದು ಹಾಕಣ. ಬರೀ ಕಡ್ಡಿ ಉಳಿದ ಮೇಲೆ ಕಿತ್ತು ಬಿಸಾಕಿ."

"ಅಪ್ಪ ನೆಟ್ಟಿದ್ದು ಕಣಮ್ಮ" ಎಂದೆ. ನನ್ನ ಬಾಯಿಂದ ಅದು ಯಾಕೆ ಬಂತೋ.

"ಸಾಲು ಅವರದು, ಬಗ್ಗಿ ನೆಟ್ಟಿದ್ದು ನಾನು" ಎಂದು ಅಮ್ಮ ಮೊದಲ ಕೊಂಬೆ ಕುಯ್ದಳು.

ಎಲ್ಲರೂ ಬಗ್ಗಿದೆವು. ನಾನು ಎರಡನೇ ಗಿಡಕ್ಕೇ ಬೆರಳು ಕುಯ್ದುಕೊಂಡು, ಮಂಜುಳ ಕಟ್ಟಿದ ಬಟ್ಟೆಯೊಂದಿಗೆ ಸೊಪ್ಪು ಹೊರುವ ಕೆಲಸಕ್ಕೆ ಬಡ್ತಿ ಪಡೆದೆ. ಹೊರೆ ಹೊರೆ ಸೊಪ್ಪು ಹುಳುಮನೆಗೆ ಹೋಯಿತು. ಉಳಿದ ಬೋಳು ಬುಡಗಳಿಗೆ ನಾಗ ಚೈನು ಹಾಕಿದ. ನೀಲಗಿರಿ ಕೀಳಲೆಂದು ತಂದ ಐವತ್ತು ಎಚ್‌ಪಿ ಮೊಟ್ಟಮೊದಲು ಕಿತ್ತದ್ದು ನಮ್ಮದೇ ಹಿಪ್ಪುನೇರಳೆಯನ್ನು. ಅವು ಎಷ್ಟು ಸುಲಭವಾಗಿ ಬಂದವೆಂದರೆ, ಒಂದೊಂದು ಬುಡ ಬಂದಾಗಲೂ ನಾಗ ತಲೆ ತಗ್ಗಿಸಿಕೊಂಡ. ಅಮ್ಮ ತಗ್ಗಿಸಲಿಲ್ಲ. ಮುನಿಶಾಮಪ್ಪ ಬಾಯಲ್ಲಿದ್ದ ಕಡ್ಡಿ ಉಗುಳಿ, ಕೊಡಲಿ ತೆಗೆದುಕೊಂಡು, ಕರೆಯದೆಯೇ ನಮ್ಮ ಹಿಂದೆ ಬೋರೆ ಹೊಲ ಹತ್ತಿದ.

ಅಂಚಿನ ಮೊದಲ ಬೊಡ್ಡೆ. ನಾಗನೂ ಮುನಿಶಾಮಪ್ಪನೂ ಸುತ್ತ ಮಣ್ಣು ಬಿಡಿಸಿ ಪಕ್ಕದ ಬೇರುಗಳನ್ನು ಕಡಿದರು. ನಾಗ ಚೈನು ಬಿಗಿದು ಹತ್ತಿ ಕೂತ. ಟ್ರ್ಯಾಕ್ಟರು ಎಳೆಯಿತು. ಬೊಡ್ಡೆ ಅಲ್ಲಾಡಲಿಲ್ಲ, ಬದಲಿಗೆ ಟ್ರ್ಯಾಕ್ಟರಿನ ಮೂತಿ ನೆಲ ಬಿಟ್ಟು ಮೇಲೆದ್ದಿತು, ಬೆದರಿದ ಹೋರಿಯ ಹಾಗೆ. ನಾಗ ಕ್ಲಚ್ಚು ತುಳಿದು ಧಡ್ ಎಂದು ಇಳಿಸಿದ.

"ಮುಂದೆ ತೂಕ ಸಾಲ್ದಮ್ಮ. ಅಂಗಡೀಲಿ ಕಬ್ಬಿಣದ ತೂಕ ಬೇರೆ ತಗೋಬೇಕು ಅಂದಿದ್ರು, ನಾನೇ ಬೇಡ ಅಂದೆ. ನಾಳೆ ಚಿಂತಾಮಣಿಗೆ ಹೋಗಿ ತರ್ತೀನಿ."

ಮೋಡ ನಂದಿಬೆಟ್ಟ ಬಿಟ್ಟು ನಮ್ಮ ಕಡೆ ಹೊರಟಿತ್ತು.

"ತೂಕ ತಾನೆ?" ಎಂದಳು ಅಮ್ಮ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮಧ್ಯದಲ್ಲಿ ಅವಳ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. "ಸೀನ, ಹತ್ತು."

ಕುರ್ಚಿಯ ಮೇಲೆ ಕೂತು ಬೆಳೆಸಿದ ನನ್ನ ಹೊಟ್ಟೆ ಮೊದಲ ಸಲ ವ್ಯವಸಾಯಕ್ಕೆ ಒದಗಿತು. ಮುಂದಿನ ಬಂಪರಿನ ಮೇಲೆ ನಿಂತು ಬಾನೆಟ್ಟನ್ನು ತಬ್ಬಿಕೊಂಡೆ. ನಾಗ ಮೆಲ್ಲಗೆ ಎಳೆದ. ಮೂತಿ ಮತ್ತೆ ಎದ್ದಿತು, ನನ್ನ ಸಮೇತ, ಈ ಸಲ ಕಡಿಮೆ. "ಮೇಷ್ಟ್ರು ಒಳಗೆ ಬರೀ ಪುಸ್ತಕ, ತೂಕ ಇಲ್ಲ" ಎನ್ನುತ್ತ ಮುನಿಶಾಮಪ್ಪ ಕೊಡಲಿ ಇಟ್ಟು ನನ್ನ ಪಕ್ಕ ಹತ್ತಿದ. ಮೂತಿ ಗೇಣುದ್ದ ಎದ್ದು ನಿಂತಿತು. ಬೊಡ್ಡೆಯ ಬುಡದಲ್ಲಿ ಮಣ್ಣು ಒಂದು ಗೆರೆಯಷ್ಟು ಬಿರಿಯಿತು.

"ಇಳಿಸು" ಎಂದಳು ಅಮ್ಮ. ನಾಗ ಇಳಿಸಿದ. ಅಮ್ಮ ಚಪ್ಪಲಿ ಬಿಟ್ಟಳು.

"ಅಮ್ಮಾ, ಬೇಡ ಕಣಮ್ಮ! ಜಾರಿದ್ರೆ?"

"ನೀನು ನೆಟ್ಟಗೆ ಕ್ಲಚ್ ಬಿಡು. ಜಾರೋದು ಬಿಡೋದು ನಾನು ನೋಡ್ಕೋತೀನಿ."

ನಮ್ಮಿಬ್ಬರ ನಡುವೆ ಅಮ್ಮ ಹತ್ತಿ ನಿಂತಳು. ಒಣಗಿದ ಅವರೆ ಬಳ್ಳಿಯಷ್ಟು ಹಗುರ ಎಂದು ನಾನು ಅಂದುಕೊಂಡಿದ್ದ ಅಮ್ಮ. ಅವಳ ಮೊಳಕೈ ನನ್ನ ಪಕ್ಕೆಗೆ ಒತ್ತುತ್ತಿತ್ತು. ಇಂಜಿನ್ನಿನ ಬಿಸಿ ಎದೆಗೆ ಬಡಿಯುತ್ತಿತ್ತು. ನಾಗ ಕ್ಲಚ್ಚನ್ನು ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ಬಿಟ್ಟ. ಇಡೀ ಗಾಡಿ ನಡುಗಿತು. ಮೂತಿ ಏಳಲಿಲ್ಲ. ನಾಲ್ಕು ಚಕ್ರವೂ ಮಣ್ಣು ಕಚ್ಚಿದವು. ಹಿಂದೆ ನೆಲದೊಳಗೆ ಏನೋ ಹರಿಯುವ ಸದ್ದು, ದಪ್ಪ ಬಟ್ಟೆ ಹರಿದಂತೆ, ಒಂದಾದ ಮೇಲೆ ಒಂದು. ಆಮೇಲೆ ಗಾಡಿ ಮುಗ್ಗರಿಸಿ ಮುಂದಕ್ಕೆ ಹೋಯಿತು.

ನಾನು ಮೊದಲು ಹಾರಿ ಇಳಿದೆ. ಮುನಿಶಾಮಪ್ಪ ಇಳಿದ. ಬೊಡ್ಡೆ ಮಗ್ಗುಲಾಗಿ ಬಿದ್ದಿತ್ತು, ಬೇರಿನ ತುಂಬ ಕೆಂಪು ಮಣ್ಣು. ಗುಂಡಿ ನಾನು ಹೆದರಿದಷ್ಟು ದೊಡ್ಡದಿರಲಿಲ್ಲ. ಮೇಲಿನ ಮಣ್ಣು ಮೇಲೇ ಇತ್ತು. "ಅಬ್ಬಬ್ಬಾ!" ಎಂದ ಮುನಿಶಾಮಪ್ಪ. ನಾನು ಫೋನು ತೆಗೆದು ಬೊಡ್ಡೆಯ ಫೋಟೋ ಹಿಡಿಯಲು ಹೋದೆ. ಮುಂದೆ ಸಾಲಿನಲ್ಲಿ ಉಳಿದವು ಹಾಗೇ ಮಂಡಿಯೂರಿ ಕೂತಿದ್ದವು. ಮೊದಲ ಹನಿ ನನ್ನ ಕನ್ನಡಕದ ಮೇಲೆ ಬಿತ್ತು.

ಅಮ್ಮ ಇಳಿದಿರಲಿಲ್ಲ. ಬಂಪರಿನ ಮೇಲೆ ನಿಂತು, ಒಂದು ಕೈಯಲ್ಲಿ ಬಾನೆಟ್ಟು ಹಿಡಿದು, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

"ಎಲ್ಲಿಗೆ ಇಳಿದ್ರಿ ಇಬ್ಬರೂ? ನಾಗ, ಇನ್ನೊಂದಕ್ಕೆ ಚೈನು ಹಾಕು."

ಮುನಿಶಾಮಪ್ಪ ನನ್ನ ಮುಖ ನೋಡಿದ. ನಾನು ಫೋನು ಜೇಬಿಗಿಟ್ಟೆ. ಇಬ್ಬರೂ ಮತ್ತೆ ಹತ್ತಿದೆವು.